ಹಿಂಬದಿಯ ಕಿಂಡಿ

ಟುಣ್-ಟುಣ್-ಟುಣ್.
ಮೂರು ಸಲ, ಇಳಿದನಿಯಲ್ಲಿ. ಅಂದರೆ
ಗುರುತು ಸಿಗಲಿಲ್ಲ ಅಂತ.

ನಂದಿನಿ ಲೇಔಟು, ಎರಡನೇ ಮಹಡಿ,
ಕೆಳಗಿನ ಅಂಗಡಿಯಿಂದ ಚಕ್ಕುಲಿ ಕರಿಯುವ ವಾಸನೆ.
ಹತ್ತೂಕಾಲಿನ ಪೇಷೆಂಟು ಚಿಕ್ಕರಂಗಪ್ಪ
ಕಣ್ಣಿಗೆ ಹೆಡ್‌ಸೆಟ್ ಕಟ್ಟಿಸಿಕೊಂಡು ಕೂತಿದ್ದಾರೆ.
"ಏನಮ್ಮಾ, ಕರೆಂಟ್ ಹೋಯ್ತಾ?"
ಕರೆಂಟ್ ಇದೆ ಸಾರ್. ಚಿತ್ರ ಬರ್ತಿಲ್ಲ ಅಷ್ಟೆ.

ಪೀಣ್ಯ ಎರಡನೇ ಹಂತದಲ್ಲಿ ಮೂವತ್ತೊಂದು ವರ್ಷ ಲೇತು.
ಹೋದ ಆಷಾಢದಲ್ಲಿ ತಲೆಯೊಳಗೆ ರಕ್ತ ಕಟ್ಟಿತು.
ಎಡಗೈ ಇದೆ, ಬಿಸಿ ಇದೆ, ಉಗುರು ಬೆಳೆಯುತ್ತದೆ,
ಅವರಿಗೆ ಮಾತ್ರ ಅದು ತಮ್ಮದಲ್ಲ.
ತಟ್ಟೆಯ ಎಡಮಗ್ಗುಲಿನ ಅನ್ನ ಹಾಗೇ ಉಳಿಯುತ್ತದೆ.
ಹೆಂಡತಿ ಪುಟ್ಟಗೌರಮ್ಮ ಮಾತಾಡದೆ ತಟ್ಟೆ ತಿರುಗಿಸುತ್ತಾರೆ.
"ಅರೆ, ಇನ್ನೂ ಇತ್ತಾ" ಅಂತ ಮತ್ತೆ ಉಣ್ಣುತ್ತಾರೆ.

ಇದನ್ನೂ ಅದನ್ನೂ ಹೋಲಿಸಬಾರದು ಅಂತ
ನನಗೆ ನಾನೇ ಹೇಳಿಕೊಂಡಿದ್ದೇನೆ.
ಮನುಷ್ಯ ಡಬ್ಬ ಅಲ್ಲ.

ಸೋಮವಾರದಿಂದ ಇದೇ ಪಾಡು.
ಕರಿ ನಾಲಗೆಯ ಕಿಂಡಿ ಮೌಸಿಗೆ ಸಾಕು, ಇದಕ್ಕೆ ಸಾಲದು;
ನೀಲಿ ನಾಲಗೆಯದಕ್ಕೆ ಚುಚ್ಚಿದರೆ
ಒಂದು ಗಳಿಗೆ ಯಾವುದೋ ಪರದೇಶದ ಅಡುಗೆಮನೆ ಮೂಡಿ
ಮತ್ತೆ ಕತ್ತಲು.
ಹಬ್ಬು ಹಾಕಿದೆ. ಡ್ರೈವರ್ ಕಿತ್ತು ಹೊಸದು ತುಂಬಿದೆ.
ವಿದ್ಯುತ್ ಉಳಿತಾಯದ ಟಿಕ್ಕು ತೆಗೆದೆ:
ಕೆಲಸವಿಲ್ಲದ ಕಿಂಡಿಗಳನ್ನು ಕಂಪ್ಯೂಟರು
ತಾನೇ ಮಲಗಿಸಿಬಿಡುತ್ತದಂತೆ, ಯಾರನ್ನೂ ಕೇಳದೆ.

ನಿನ್ನೆ ಹಸಿರು ಮೆಟ್ರೋ ಹತ್ತಿ ಚಿಕ್ಕಪೇಟೆ, ಅಲ್ಲಿಂದ ಎಸ್.ಪಿ. ರೋಡು.
ಕೇಬಲ್ಲುಗಳನ್ನು ಶಾವಿಗೆಯ ಹಾಗೆ ಕೋಲಿಗೆ ಇಳಿಬಿಟ್ಟ ಅಂಗಡಿ.
ನಮ್ಮ ಐದು ಮೀಟರಿನದನ್ನು ನೋಡಿ ಮುನಾವರ್ ನಕ್ಕ:
"ಉದ್ದ ಜಾಸ್ತಿ ಅಕ್ಕ, ನಡುದಾರೀಲೇ ಶಕ್ತಿ ಸೋರ್ತದೆ.
ಮೂರು ಮೀಟರ್ ತಗೊಳ್ಳಿ. ಮುಂದ್ಗಡೆ ಹಾಕ್ಬೇಡಿ,
ಆ ಕಿಂಡಿ ಬೋರ್ಡಿಗೆ ನೆಂಟ ಮಾತ್ರ.
ಹಿಂದ್ಗಡೇದು ಮನೆಮಗ."
ನಾನೂರೈವತ್ತು ಅಂದ. ಮುನ್ನೂರಕ್ಕೆ ಕೊಟ್ಟ.

ಹೊಸ ಕೇಬಲ್ಲು, ಹಳೇ ಚಾಳಿ. ಮೊದಲು ಮುಂದೆಯೇ ಚುಚ್ಚಿದ್ದೆ.
ಯಾಕೆಂದರೆ ಹಿಂಬದಿ ಗೋಡೆಗೆ ಅಂಟಿದೆ.
ದೇವರಾಗಿದ್ದರೆ ಭಕ್ತನಿಗಾಗಿ ತಾನೇ ತಿರುಗುತ್ತಿದ್ದನೇನೋ;
ಡಬ್ಬ, ನಾನೇ ತಿರುಗಿಸಿದೆ.
ಧೂಳು. ಹಲ್ಲಿಯ ಮೊಟ್ಟೆ.
ಯುಗಾದಿಗೆ ಕಳೆದುಹೋಗಿದ್ದ ನನ್ನ ಓಲೆಯ ತಿರುಪು!

"ಕೊಡಿಲ್ಲಿ" ಎಂದು ಬಲಗೈ ಚಾಚಿದರು ಚಿಕ್ಕರಂಗಪ್ಪ.
ಕಟ್ಟಿದ ಕಣ್ಣಲ್ಲೇ, ಹೆಬ್ಬೆರಳಿನ ಉಗುರಲ್ಲಿ
ಅದರ ಒಳಸುತ್ತು ಎಣಿಸಿದರು.
"ನೋಡೋಕೆ ಎಲ್ಲಾ ಬೋಲ್ಟೂ ಎಲ್ಲಾ ನಟ್ಟಿಗೂ ಕೂರೋ ಥರಾನೇ ಕಾಣ್ತವೆ.
ಎರಡು ಸುತ್ತು ಹೋಗ್ತವೆ. ಮೂರನೇದಕ್ಕೆ ಕಚ್ಕೊಳ್ತವೆ.
ಅಲ್ಲಿ ಜೋರು ಮಾಡ್ದೋನು ಎರಡನ್ನೂ ಕೆಡಿಸ್ತಾನೆ ಕಣಮ್ಮ.
ವಾಪಸ್ ತಿರುಗಿಸ್ಬೇಕು. ಬೇರೇದು ಹುಡುಕ್ಬೇಕು."

ಹಿಂದೆ ಆರು ಕಿಂಡಿ. ಒಂದು ಸಡಿಲ. ಒಂದು ಟುಣ್-ಟುಣ್-ಟುಣ್.
ಕೆಳಗಿನ ಸಾಲಿನ ಕೆಂಪು ನಾಲಗೆಯದರಲ್ಲಿ
ಜೋರು ಮಾಡದೆ ಕೂರಿಸಿದೆ.
ಎರಡೇ ದನಿ. ಏರುದನಿ.

"ಬಂತು ಬಂತು. ಒಲೆ ಇದೆ. ಕೆಂಪು ಪಾತ್ರೆ ಇದೆ."
ಎಡಕ್ಕೆ ನೋಡಿ ಸಾರ್. ಇನ್ನೂ ಎಡಕ್ಕೆ.
ತಲೆ ನಿಧಾನ ತಿರುಗಿತು, ತುಕ್ಕು ಹಿಡಿದ ಚಕ್‌ನ ಹಾಗೆ.
"ಇದ್ಯಾರಮ್ಮ ಕೈ?"
ನಿಮ್ಮದೇ.
"ಅಲ್ಲ. ಯಾವನೋ ಅಪ್ರೆಂಟಿಸ್ ಹುಡುಗಂದು.
ಹಿಡ್ಕೊಳ್ಳೋದೇ ಸರಿಯಿಲ್ಲ ಅವನು."
ಆಯಿತು, ಹಾಗಾದರೆ ಅವನಿಗೆ ಕಲಿಸಿ.

ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಲೇ," ಅಂದರು ಎಡಕ್ಕೆ, ಗದರುವ ಹಾಗೆ,
"ಮೊದ್ಲು ಬೆರಳು ಬಿಡ್ಸು."

ಕೆಳಗೆ ಚಕ್ಕುಲಿಯ ಎರಡನೇ ಒಬ್ಬೆ ಎಣ್ಣೆಗೆ ಬಿತ್ತು.
ಕೇಬಲ್ಲಿನ ಮೇಲೆ ಯಾರೂ ಕಾಲಿಡದ ಹಾಗೆ
ನಾನು ಬಾಗಿಲಲ್ಲಿ ನಿಂತೆ.